ಕಾಮಣಿಯ ಠರಾವು

ಬನ್ನಿಕಟ್ಟಿಯ ಹೊಸ ಪ್ಲಾಟುಗಳ ನಕ್ಷೆ ನೋಡಿದವರು ಊರು ಉದ್ಧಾರವಾಯಿತೆಂದೇ ತಿಳಿಯಬೇಕು. ಅಷ್ಟು ಚಂದದ ನಕ್ಷೆ. ಮೂವತ್ತಡಿ ರಸ್ತೆ, ಮಕ್ಕಳ ಉದ್ಯಾನ, ಗುಡಿಗೆ ಜಾಗ, ಎಲ್ಲ ಇತ್ತು. ಇನ್ನೂರು ಮನೆಯವರು ತೊಳೆದು ಚೆಲ್ಲಿದ ನೀರು ಎಲ್ಲಿಗೆ ಹೋಗಬೇಕು ಅನ್ನುವುದೊಂದು ಇರಲಿಲ್ಲ. ಮನೆಗಳು ಎದ್ದ ಮೇಲೆ ಜನ ತಾವೇ ಒಂದು ಗಟಾರ ತೋಡಿಕೊಂಡರು. ಆಮೇಲೆ ಕುಡಿಯುವ ನೀರಿನ ಪೈಪು ಬಂತು. ಹೊಸದಾಗಿ ಅಗೆಯುವ ಕಷ್ಟ ಯಾರಿಗೆ ಬೇಕು? ತೋಡಿದ ಗಟಾರ ಇದ್ದೇ ಇದೆಯಲ್ಲ, ಗುತ್ತಿಗೆದಾರ ಪುಣ್ಯಾತ್ಮ ಅದರೊಳಗೇ ಪೈಪು ಮಲಗಿಸಿ ಹೋದ. ಊರ ಬಾಗಿಲಲ್ಲಿ, ಜನ ವೇಶಿ ಅನ್ನುವ ಜಾಗದಲ್ಲಿ, ಅದರ ಜೋಡಣೆ ಬಿಟ್ಟುಕೊಂಡು ಎರಡು ವರ್ಷವಾಗಿತ್ತು. ನಳ ಬಂದಾಗ ನೀರು ಹೊರಗೆ ಹರಿಯುತ್ತಿತ್ತು, ನಳ ನಿಂತಾಗ ಗಟಾರ ಒಳಗೆ ಹೋಗುತ್ತಿತ್ತು.

ಏಪ್ರಿಲಿನಲ್ಲಿ ಕಾಮಣಿ ಶುರುವಾಯಿತು. ಕಾಮಾಲೆಗೆ ಮರಾಠಿ ರಾಜ್ಯಕ್ಕೆ ಸೇರಿದ ಈ ಗಡಿಯ ಕನ್ನಡದವರು ಕಾಮಣಿ ಅನ್ನುತ್ತಾರೆ, ಮರಾಠಿಯಲ್ಲಿ ಅದು ಕಾವೀಳ. ಹದಿನೈದು ದಿನದಲ್ಲಿ ಹನ್ನೊಂದು ಮಂದಿಯ ಕಣ್ಣು ಹಳದಿಯಾದವು. ಆಶಾ ಕಾರ್ಯಕರ್ತೆ ಸಾವಿತ್ರೆವ್ವ ಮನೆಮನೆ ಅಲೆದು ಹೆಸರು ಬರೆದು ಆರೋಗ್ಯ ಕೇಂದ್ರಕ್ಕೆ ಕೊಟ್ಟಳು. ಅಲ್ಲಿಯವರು ಗುಳಿಗೆ ಕೊಟ್ಟರು. ಪೈಪು ನಮ್ಮ ಖಾತೆಯಲ್ಲ, ಪಂಚಾಯತಿಗೆ ಹೇಳು ಅಂದರು.

ಆಕೆಗೆ ಈ ಹನ್ನೊಂದು ಮಂದಿಗಿಂತ ಹೆಚ್ಚಾಗಿ ಇನ್ನೂ ಕಾಮಣಿ ಬಾರದ ಒಬ್ಬಳ ಚಿಂತೆ. ಬಾಡಿಗೆ ಜೀಪು ಓಡಿಸುವ ತಮ್ಮ ಕಲ್ಮೇಶನ ಹೆಂಡತಿ ನಂದಾ ನಾಲ್ಕು ತಿಂಗಳ ಬಸುರಿ. ಬಸುರಿಗೆ ಕಾಮಣಿ ಬಂದರೆ ತಾಯಿ, ಕೂಸು ಇಬ್ಬರೂ ಉಳಿಯುವುದು ಕಷ್ಟ ಎಂದು ತರಬೇತಿಯಲ್ಲಿ ಹೇಳಿದ್ದು ಸಾವಿತ್ರೆವ್ವನ ತಲೆಯಲ್ಲಿ ಕೂತುಬಿಟ್ಟಿತ್ತು.

"ನೀರ ಕಾಸಿ ಕುಡಿ ನಂದಾ. ಒಂದ ಗುಟುಕ ಸುದ್ದಾ ಹಸಿ ನೀರ ಬ್ಯಾಡ."

"ಕುಡೀತೀನ್ರಿ ಅಕ್ಕಾರ. ಆದ್ರ ಪೈಪ ರಿಪೇರಿ ಆಗೂದ ಯಾವಾಗ್ರಿ?"

"ಮೇ ಒಂದನೇ ತಾರೀಖ ಗ್ರಾಮಸಭಾ ಐತಿ. ಅಲ್ಲೇ ಕೇಳತೀನಿ."

ಕೇಳಿದಳು ಕೂಡ. ಪಂಚಾಯತಿಯ ಕಾಗದಪತ್ರ ನೋಡುವ ಗ್ರಾಮಸೇವಕ ಹೊಸಬ, ದೂರದ ಜಿಲ್ಲೆಯಿಂದ ಬಂದವನು, ಕನ್ನಡದ ಒಂದಕ್ಷರ ಬಾರದು. ಗಂಡಸರ ಮಾತೆಲ್ಲ ಮುಗಿದು ಚಹಾ ಬರುವ ಹೊತ್ತಿಗೆ ಹೆಂಗಸರ ಪಾಳಿ. ಸಾವಿತ್ರೆವ್ವ ಕನ್ನಡ ಸಾಲೆಯಲ್ಲಿ ಹತ್ತನೆಯ ತನಕ ಕಲಿತವಳು. ಬಜಾರದಲ್ಲಿ ಮರಾಠಿ ಪಟಪಟ ಆಡುತ್ತಾಳೆ, ಸಭೆಯಲ್ಲಿ ನಾಲಿಗೆ ತೊಡರುತ್ತದೆ. ಎದ್ದು ನಿಂತು, "ಸಾಹೇಬ, ಪೈಪ ಫುಟಲೀ," ಅಂದಳು. ಪೈಪು ಒಡೆದಿದೆ ಎಂದು.

"ಫುಟಲಾ, ತಾಈ, ಫುಟಲಾ," ಎಂದು ಗ್ರಾಮಸೇವಕ ನಕ್ಕ. ಮರಾಠಿಯಲ್ಲಿ ಪೈಪು ಗಂಡಂತೆ. ಈಕೆ ಹೆಣ್ಣು ಮಾಡಿದ್ದಳು. ಊರ ಗಂಡಸರೂ ಹಲ್ಲು ಕಿರಿದರು, ತಾವೇನು ಮಹಾ ಪಂಡಿತರು ಅನ್ನುವ ಹಾಗೆ. ಸಾವಿತ್ರೆವ್ವನ ಮುಖ ಸಣ್ಣದಾಯಿತು. ಕಾವೀಳ ಎಂಬ ಮಾತು ಬಾಯಿಗೆ ಬರುವ ಮೊದಲೇ ಹಿಂದಿನ ಹೆಂಗಸರು ಗದ್ದಲ ಎಬ್ಬಿಸಿದರು.

"ಕಾಮಣಿ ರೀ ಸಾಹೇಬ್ರ, ಕಾಮಣಿ."

"ಕಮಾನ?" ಎಂದ ಗ್ರಾಮಸೇವಕ. "ಕುಠಂ?" ಎಲ್ಲಿ ಎಂದು ಕೇಳಿದ್ದು ಎಲ್ಲರಿಗೂ ತಿಳಿಯಿತು.

"ವೇಶಿ ಹತ್ರ ರೀ, ಗಟಾರದ ಬಾಜೂಕ."

ಆತ ಬರೆದುಕೊಂಡ. ಠರಾವಿಗೆ ಸೂಚಕರೆಂದು ಒಬ್ಬರ ಸಹಿ ಬೇಕು, ಸಾವಿತ್ರೆವ್ವನೇ ಮಾಡಬೇಕು ಅಂದರು. ಆಕೆ ಪುಸ್ತಕ ಓದಿದಳು. 'ವೇಶಿಯ ಹತ್ತಿರ ಕಮಾನ' ಎಂದು ಮರಾಠಿಯಲ್ಲಿತ್ತು. ಇದು ಕಮಾನಲ್ಲ ಎಂದು ಹೇಳಬೇಕು ಅನ್ನಿಸಿತು. ಆದರೆ ಈಗಷ್ಟೇ ನಗೆಗೀಡಾದವಳು, ಸಾಹೇಬನ ಅಕ್ಷರ ತಿದ್ದುವುದೇ? ನಮ್ಮ ಕಾಮಣಿಯನ್ನು ಅವ ಹಾಗೆ ಬರೆದುಕೊಂಡಿದ್ದಾನು, ಗಟಾರ ಅಂದದ್ದು ಕೇಳಿದ್ದಾನಲ್ಲ ಎಂದುಕೊಂಡು ಸಹಿ ಹಾಕಿದಳು.

ಹದಿನೈದು ದಿನ ಬಿಟ್ಟು ಹೋಗಿ ಕೇಳಿದಾಗ ಗ್ರಾಮಸೇವಕ, "ಮಂಜೂರ ಝಾಲಂ, ತಾಈ," ಅಂದ. ಸರಕಾರಿ ಕೆಲಸ ಹದಿನೈದು ದಿನದಲ್ಲಿ ಮಂಜೂರು! ಅವಳಿಗೆ ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ. ಮೇ ಕೊನೆಗೆ ವೇಶಿಯಲ್ಲಿ ಉಸುಕು, ಸಿಮೆಂಟು, ಸಲಾಕೆ ಬಿದ್ದವು. ವಳಸಂಗದ ಆರೋಗ್ಯ ಶಿಬಿರಕ್ಕೆಂದು ಜೀಪಿನಲ್ಲಿ ಹೋಗುವಾಗ ಆಳುಗಳು ಗಟಾರದ ಪಕ್ಕ ತಗ್ಗು ತೋಡುವುದು ಕಂಡಿತು. ಮೂರು ದಿನದ ಮೇಲೆ ತಿರುಗಿ ಬರುವಾಗ ತಗ್ಗಿನಲ್ಲಿ ಕಾಂಕ್ರೀಟು ತುಂಬಿತ್ತು.

"ಕೆಲಸ ಮುಗೀತೇನ್ರಿ ಅಕ್ಕಾರ?" ಎಂದು ನಂದಾ ಕೇಳಿದಳು.

"ಮುಗದಂಗ ಐತಿ," ಅಂದಳು ಸಾವಿತ್ರೆವ್ವ. ಜೀಪಿನಿಂದ ಇಳಿದು ನೋಡಿರಲಿಲ್ಲ.

ಅಂದಿನಿಂದ ನಂದಾ ನೀರು ಕಾಸುವುದನ್ನು ಬಿಟ್ಟಳು.

ಜುಲೈ ಮೊದಲ ವಾರದಲ್ಲಿ ಆ ಕಾಂಕ್ರೀಟಿನ ಮೇಲೆ ರಸ್ತೆಯ ಆಚೆಗೊಂದು ಈಚೆಗೊಂದು ಕಂಬ ಎದ್ದವು. ಸಾವಿತ್ರೆವ್ವ ಇದೇನೆಂದು ಗೌಂಡಿಯನ್ನು ಕೇಳಿದಳು. "ಸ್ವಾಗತ ಕಮಾನ ರೀ ಬಾಯಾರ," ಅಂದ. ಆಕೆ ಪಂಚಾಯತಿಗೆ ಓಡಿದಳು. ಈ ಸಲ ಕಾವೀಳ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಗ್ರಾಮಸೇವಕ ಠರಾವಿನ ಪುಸ್ತಕ ತೆರೆದು ಆಕೆಯ ಸಹಿಯ ಮೇಲೆ ಬೆರಳಿಟ್ಟ. ಪೈಪು ಬೇಕಾದರೆ ಆಗಸ್ಟ್ ಹದಿನೈದರ ಸಭೆಯಲ್ಲಿ ಬೇರೆ ಠರಾವು ಮಾಡಿಸಿ, ಕಮಾನಿಗೆ ನಿಧಿ ತಯಾರಿತ್ತು, ಬಂತು, ಪೈಪಿಗೆ ವರ್ಷವಾದೀತು ಅಂದ. ಆತ ಸುಳ್ಳೇನೂ ಹೇಳಲಿಲ್ಲ. ಈ ನಾಡಿನಲ್ಲಿ ಕಣ್ಣಿಗೆ ಕಾಣುವ ಕೆಲಸಕ್ಕೆ ನಿಧಿ ಸದಾ ತಯಾರು, ನೆಲದೊಳಗಿನದಕ್ಕೆ ಮಾತ್ರ ಪಾಳಿ ಬರುವುದಿಲ್ಲ.

ಅಲ್ಲಿಂದ ನೇರ ತಮ್ಮನ ಮನೆಗೆ ಬಂದಳು. ನಂದಾ ಹೊರಸಿನ ಮೇಲೆ ಮಲಗಿದ್ದಳು. "ಯಾಕೋ ಊಟ ಸೇರವಲ್ದರಿ," ಎಂದು ಕಣ್ಣು ಬಿಟ್ಟಳು. ಕಣ್ಣು ಹಳದಿಯಾಗಿದ್ದವು.

ಕಲ್ಮೇಶ ಬಾಡಿಗೆ ಬಿಟ್ಟು ತನ್ನ ಜೀಪಿನಲ್ಲೇ ಹೆಂಡತಿಯನ್ನು ಜತ್ತದ ಆಸ್ಪತ್ರೆಗೆ ಒಯ್ದ. ಅಲ್ಲಿಯವರು ಮುಂದೆ ಕಳಿಸಿದರು, ಮುಂದಿನವರು ಇನ್ನೂ ಮುಂದೆ. ಐದನೆಯ ದಿನ ನಂದಾ ಎಚ್ಚರ ತಪ್ಪಿದಳು, ಏಳನೆಯ ದಿನ ತೀರಿಕೊಂಡಳು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಸಾವಿತ್ರೆವ್ವ ಅತ್ತದ್ದನ್ನು ಊರೆಲ್ಲ ನೋಡಿತು, ತಮ್ಮನ ಹೆಂಡತಿಗಾಗಿ ಹೀಗೆ ಅಳುವವರು ಎಲ್ಲಿದ್ದಾರೆ ಎಂದು ಹೊಗಳಿತು. ಆ ಹೊಗಳಿಕೆ ಕೇಳಿ ಆಕೆಗೆ ಸಾಯಬೇಕೆನ್ನಿಸಿತು.

ಆಗಸ್ಟ್ ಹತ್ತಕ್ಕೆ ಸರಪಂಚ ಗುರುಲಿಂಗಪ್ಪ ಕಲ್ಮೇಶನ ಮನೆಗೆ ಬಂದ. ಕಮಾನು ಮುಗಿದಿದೆ, ಹದಿನೈದಕ್ಕೆ ಉದ್ಘಾಟನೆ, ಅದಕ್ಕೆ ನಂದಾನ ಹೆಸರು ಇಡೋಣ ಎಂದು ಪಂಚಾಯತಿ ನಿರ್ಧರಿಸಿದೆ ಅಂದ. ಒಂದು ತಿಂಗಳಿಂದ ತಲೆ ಎತ್ತದೆ ಕೂತಿದ್ದ ಕಲ್ಮೇಶ ತಲೆ ಎತ್ತಿದ.

"ಹೆಸರ ಬ್ಯಾಡ್ರಿ ಗುರುಲಿಂಗಪ್ಪಣ್ಣಾ," ಅಂದಳು ಸಾವಿತ್ರೆವ್ವ. "ಪೈಪ ಗಟಾರದಿಂದ ತಗೀರಿ."

"ಅದನ್ನೂ ನೋಡೂಣು ತಂಗಿ. ಕಮಾನ ಬೇಕಂತ ಠರಾವ ಕೊಟ್ಟಾಕಿನೂ ನೀನ, ಈಗ ಹೆಸರ ಬ್ಯಾಡ ಅನ್ನಾಕಿನೂ ನೀನ ಅಂದ್ರ ಹೆಂಗ?"

ಕಲ್ಮೇಶ ಅಕ್ಕನ ಕಡೆ ನೋಡಿದ. "ಕಮಾನ ನೀ ಕೇಳಿದ್ದೇನಕ್ಕಾ?"

ನಾ ಕೇಳಿದ್ದು ಪೈಪ ಕಲ್ಮೇಶಾ, ಸಾಹೇಬ ತಪ್ಪ ಬರದದ್ದ ಓದಿಯೂ ಸಹಿ ಮಾಡಿದೆ, ನಿನ್ನ ಹೆಂಡತಿಗೆ ಕೆಲಸ ಮುಗದಂಗ ಐತಿ ಅಂದಾಕಿನೂ ನಾನ ಎಂದು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ತಮ್ಮನ ಮುಖದಲ್ಲಿ ಏನೋ ಸಮಾಧಾನ ಮೂಡಿತ್ತು, ಅದನ್ನು ಕಿತ್ತುಕೊಳ್ಳಲು ಧೈರ್ಯ ಬರಲಿಲ್ಲ.

"ಹೂಂ," ಅಂದಳು.

"ಭಾಳ ಚಲೋ ಆತ ನೋಡಕ್ಕಾ," ಎಂದು ಕಲ್ಮೇಶ ಕಣ್ಣೊರೆಸಿಕೊಂಡ. ಒಳಗಿನಿಂದ ಹಾಳೆ, ಪೆನ್ನು ತಂದು ಆಕೆಯ ಮುಂದಿಟ್ಟ. "ಆಕಿ ಹೆಸರ ನೀನ ಬರದ ಕೊಡು. ಪೇಂಟರ ಮರಾಠಿಯೊಳಗ ಬರಿಯಾವ, ತಪ್ಪ ಆಗಬಾರದು."

ಸಾವಿತ್ರೆವ್ವ ಕೈಲಾಸವಾಸಿ ಸೌಭಾಗ್ಯವತಿ ಎಂಬುದನ್ನು ಚಿಕ್ಕದು ಮಾಡಿ 'ಕೈ. ಸೌ. ನಂದಾ ಕಲ್ಮೇಶ ಬಿರಾದಾರ' ಎಂದು ಮರಾಠಿಯಲ್ಲಿ ಬರೆದಳು. ಮತ್ತೆ ಮತ್ತೆ ಓದಿದಳು. ಎಲ್ಲೂ ತಪ್ಪಿರಲಿಲ್ಲ.