ಎಲೆ ಉದುರಿಸದ ಅತ್ತಿಮರ

ಹಿತ್ತಿಲ ಕಸ ಎಲ್ಲಿ ಹಾಕುವುದು? ಎಲೆ ಉದುರುವ ಕಾಲ ಬಂತೆಂದರೆ ಎಲ್ಲ ಮನೆಗಳಲ್ಲೂ ಇದೇ ತಲೆನೋವು. ಕತ್ತರಿ ದೊಡ್ಡಮ್ಮನಿಗೆ ಮಾತ್ರ ಆ ಚಿಂತೆಯೇ ಇರಲಿಲ್ಲ. ಗೋಡೆಯಾಚೆ ಹಳ್ಳವಿತ್ತು, ಎಸೆದರೆ ಆಯಿತು.

ನಲವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದ ಕೈ ಅದು. ಕಸವನ್ನೂ ಅಳತೆಯಿಲ್ಲದೆ ಎಸೆಯುತ್ತಿರಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಕಿಟಕಿಗೆ ನೀಲಿ ಹೂವಿನ ಬಳ್ಳಿಯೊಂದು ಹಬ್ಬಿತ್ತು. ಬಸ್ಸು ಓಡಿಸುತ್ತಿದ್ದ ಗಂಡ ಯಾವುದೋ ದೂರದ ಊರಿನಿಂದ ಎಣ್ಣೆ ಡಬ್ಬದಲ್ಲಿ ತಂದು ನೆಟ್ಟಿದ್ದ, ಸಂಜೆ ಬಿಸಿಲು ಹೆಂಡತಿಯ ಕಣ್ಣಿಗೆ ಹೊಡೆಯಬಾರದೆಂದು. ಅವನು ತೀರಿಕೊಂಡು ಆರು ವರ್ಷ. ಪ್ರತಿ ವರ್ಷ ಈ ಕಾಲಕ್ಕೆ ದೊಡ್ಡಮ್ಮ ಬಳ್ಳಿ ಸವರಿ, ಒಂದೊಂದನ್ನೂ ಗೇಣುದ್ದಕ್ಕೆ ಕತ್ತರಿಸಿ, ಗೋಡೆಯಾಚೆ ಹಾಕುತ್ತಿದ್ದಳು.

ಒಂದು ಭಾನುವಾರ ತಂಗಿಯ ಮಗಳು ಬಂದಳು. ಪಾರ್ಕಿನಲ್ಲಿ ಗಿಡ ನೋಡಿಕೊಳ್ಳುವ ಕೆಲಸ ಅವಳದು. ಉಗುರಿನ ಮಣ್ಣು ಮದುವೆಯ ದಿನವೂ ಹೋಗಿರಲಿಲ್ಲ. ಇಬ್ಬರೂ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು.

“ನೋಡೇ, ಮರಗಳೆಲ್ಲ ಬೋಳಾಗಿವೆ. ಹಳ್ಳದ ಅತ್ತಿಮರ ಮಾತ್ರ ಹೆಂಗೆ ಹಸಿರಾಗಿದೆ! ನಿನ್ನ ದೊಡ್ಡಪ್ಪ ಕೂತೆದ್ದ ಜಾಗ ಅಲ್ವಾ, ಅದಕ್ಕೇ.”

ಬಟ್ಟೆಗೆ ಹೊಗೆ ವಾಸನೆ ಹಿಡಿಯುತ್ತದೆಂದು ದೊಡ್ಡಮ್ಮ ಬೈಯುತ್ತಿದ್ದುದರಿಂದ, ಗಂಡ ಆ ಮರದ ಕೆಳಗಿನ ಕಲ್ಲಿನ ಮೇಲೆ ಕೂತು ಒಂದು ಸಿಗರೇಟು ಮುಗಿಸಿಯೇ ಮನೆಗೆ ಬರುತ್ತಿದ್ದ.

“ದೊಡ್ಡಮ್ಮ, ಈಗ ಅತ್ತಿಯೂ ಎಲೆ ಉದುರಿಸ್ಬೇಕು. ಆ ಹಸಿರು ಅದರದ್ದಲ್ಲ, ನಿನ್ನ ಬಳ್ಳಿಯದ್ದು.”

“ಸಾಕು ಸುಮ್ನಿರು! ಕಿಟಕಿ ಬಳ್ಳಿ ಹಳ್ಳಕ್ಕೆ ನಡ್ಕೊಂಡು ಹೋಯ್ತಾ?”

“ನೀನೇ ಕಳಿಸಿದ್ದು. ಎಸೆದ ತುಂಡಲ್ಲಿ ಒಂದು ಗೆಣ್ಣಿದ್ರೆ ಸಾಕು, ಬೇರು ಬಿಡುತ್ತೆ. ನೀನಂತೂ ಗೇಣಿಗೊಂದರಂತೆ ಕತ್ತರಿಸಿ, ನಮ್ಮ ಪಾರ್ಕಿನವರಿಗಿಂತ ಚೆನ್ನಾಗಿ ಸಸಿ ಮಾಡಿದ್ದೀಯ!”

ನಂಬಿಕೆಯಿಲ್ಲದೆಯೇ ದೊಡ್ಡಮ್ಮ ಹಳ್ಳಕ್ಕಿಳಿದಳು. ಬಳ್ಳಿಯ ಹೊದಿಕೆ ಸರಿಸಿದರೆ ಒಳಗೆ ಅತ್ತಿಯ ಕೊಂಬೆಗಳು ಬಿಸಿಲು ಕಾಣದೆ ಒಣಗಿ, ಮುಟ್ಟಿದರೆ ಪಟಪಟ ಮುರಿಯುತ್ತಿದ್ದವು. ಗಂಡ ಕೂರುತ್ತಿದ್ದ ಕಲ್ಲು ಎಲ್ಲಿದೆಯೆಂದೇ ತಿಳಿಯಲಿಲ್ಲ.

“ಗಿಡ ಅಂದ್ಮೇಲೆ ಎಲ್ಲಾ ಒಂದೇ ಅಂದ್ಕೊಂಡಿದ್ದೆ ಕಣೇ.”

“ಇಲ್ಲಿನ ಗಿಡಕ್ಕೆ ಅದನ್ನ ತಿನ್ನೋ ಹುಳ ಇರುತ್ತೆ, ಹುಳಕ್ಕೆ ಹಕ್ಕಿ ಇರುತ್ತೆ. ಈ ಎಲೆ ನೋಡು, ಒಂದು ತೂತಾದ್ರೂ ಇದೆಯಾ? ಹೊರಗಿಂದ ಬಂದ ಗಿಡವೆಲ್ಲ ಕೆಟ್ಟದ್ದಲ್ಲ. ನಿನ್ನ ಗುಲಾಬಿ ಪಾಪ, ನೆಟ್ಟ ಕಡೆ ಇರುತ್ತೆ. ಬೇಲಿ ಹಾರೋ ಗಿಡದ ಮೇಲೆ ಮಾತ್ರ ಕಣ್ಣಿಡ್ಬೇಕು.”

ದೊಡ್ಡಮ್ಮ ಮನೆಯ ಕಿಟಕಿಯತ್ತ ತಿರುಗಿದಳು. “ಕಿಟಕಿಯದ್ದನ್ನ ಕೀಳು ಅನ್ಬೇಡ. ಅವರ ಕೈಯಲ್ಲಿ ನೆಟ್ಟದ್ದು ಅಂತ ಉಳಿದಿರೋದು ಅದೊಂದೇ.”

“ಇರಲಿ ಬಿಡು. ಕುಂಡದಲ್ಲಿಡೋಣ. ಕಾಯಿ ಬಲಿಯೋ ಮೊದಲೇ ಕಿತ್ಹಾಕು, ಕತ್ತರಿಸಿದ್ದನ್ನ ಚೀಲದಲ್ಲಿ ಕಟ್ಟಿ ಪೂರಾ ಒಣಗಿಸು. ಅಷ್ಟೇ.”

ಎರಡು ಭಾನುವಾರ ಬೀದಿಯವರೆಲ್ಲ ಸೇರಿ ಹಳ್ಳದ ಬಳ್ಳಿಯನ್ನು ಬೇರುಸಮೇತ ಕಿತ್ತರು. ಎರಡನೆಯ ದಿನ ಸಂಜೆ ಕಲ್ಲು ಸಿಕ್ಕಿತು. ದೊಡ್ಡಮ್ಮ ಅದನ್ನು ಸೆರಗಿನಿಂದ ಒರೆಸಿ, ಒಂದು ಗಳಿಗೆ ಕೂತು ಬಂದಳು.

ಮೂರನೆಯ ಭಾನುವಾರ ತಂಗಿಯ ಮಗಳು ಕುಂಡ ಹೊತ್ತು ತಂದರೆ, ಕಿಟಕಿಯಲ್ಲಿ ಬಳ್ಳಿಯೇ ಇಲ್ಲ! ಖಾಕಿ ಪರದೆಯೊಂದು ತೂಗುತ್ತಿತ್ತು. ದೊಡ್ಡಪ್ಪನ ಡ್ಯೂಟಿ ಅಂಗಿಗಳನ್ನು ಜೋಡಿಸಿ ಹೊಲಿದದ್ದು. ಒಂದು ಜೇಬು ಹಾಗೇ ಇತ್ತು, ಅದರಲ್ಲಿ ಕತ್ತರಿ.

“ನನ್ನ ಕಣ್ಣಿಗೆ ನೆರಳು ಬೇಕು ಅಂತಾನೇ ಅಲ್ವಾ ಅವರು ನೆಟ್ಟಿದ್ದು?” ಎಂದಳು ದೊಡ್ಡಮ್ಮ. “ನೆರಳು ನಾನೇ ಹೊಲ್ಕೊಂಡೆ. ಅವರು ಕೂರ್ತಿದ್ದ ಮರ ಹೊಲಿಯೋಕೆ ನನಗೆ ಬರಲ್ಲ ಕಣೇ.”

ಅತ್ತಿಯ ಒಂದು ಕೊಂಬೆ ಇನ್ನೂ ಹಸಿಯಾಗಿದೆ. ಬದುಕೀತು ಎನ್ನುತ್ತಾಳೆ ತಂಗಿಯ ಮಗಳು.

ನೀವೂ ಈ ವಾರ ಒಮ್ಮೆ ಮಹಡಿಯನ್ನೋ ದಿಬ್ಬವನ್ನೋ ಹತ್ತಿ ನೋಡಿ. ಎಲ್ಲ ಬೋಳಾದಾಗಲೂ ಹಸಿರಾಗಿರುವುದು ಯಾವುದು, ಅದು ಯಾರ ಹಿತ್ತಿಲಿನಿಂದ ಹೊರಟಿದೆ? ಗೊತ್ತಿಲ್ಲದಿದ್ದರೆ ಗಿಡ ಬಲ್ಲವರನ್ನು ಕೇಳಿ. ಕತ್ತರಿಸಿದ ಬಳ್ಳಿಯನ್ನು ಗೋಡೆಯಾಚೆ ಎಸೆಯಬೇಡಿ. ಆಚೆಗೂ ಯಾರೋ ಕೂತೆದ್ದ ಮರವೊಂದು ಇರುತ್ತದೆ.