ಕೈ ತೋರಿಸು

ಗ್ರಂಥಾಲಯದ ಬಾಗಿಲಲ್ಲಿ ಒಂದು ಕುಂಟು ಸ್ಟೂಲು. ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಬೋಗುಣಿ, ಬೋಗುಣಿ ತುಂಬ ನೀರು, ಪಕ್ಕದಲ್ಲಿ ಸವೆದು ಬೆರಳಷ್ಟಾದ ಸೋಪು. ಬೇಸಿಗೆ ರಜೆ ಶುರುವಾದಾಗಿನಿಂದ ಬೆಳಿಗ್ಗೆ ಹತ್ತಕ್ಕೆ ಸೀಲಕ್ಕ ಅದರ ಪಕ್ಕ ನಿಲ್ಲಬೇಕು. ಮಕ್ಕಳು ಸಾಲಾಗಿ ಬರುತ್ತವೆ. "ಕೈ ತೋರಿಸು" ಅನ್ನಬೇಕು. ಅಂಗೈ, ಮುಂಗೈ, ಉಗುರು ಎಲ್ಲ ನೋಡಬೇಕು. ಚೊಕ್ಕಟವಾಗಿದ್ದರೆ ಒಳಗೆ, ಇಲ್ಲದಿದ್ದರೆ ಬೋಗುಣಿಗೆ.

ಸೀಲಕ್ಕ ಅನ್ನುವುದು ಮಕ್ಕಳಿಟ್ಟ ಹೆಸರು. ಪುಸ್ತಕ ಎರವಲು ಕೊಡುವ ಕೌಂಟರಿನಲ್ಲಿ ಕೂತು, ಪುಸ್ತಕದ ಕೊನೆಯ ಚೀಟಿಗೆ ತಾರೀಖಿನ ಸೀಲು ಹೊಡೆಯುವುದು ಅವಳ ಕೆಲಸ. ಒಂಬತ್ತು ವರ್ಷವಾಯಿತು. ಸೀಲಿನ ಹಿಡಿ ಮುರಿದೇ ನಾಲ್ಕು ವರ್ಷ. ಹೊಸದು ಬೇಕೆಂದು ಬರೆದುಕೊಟ್ಟು ಸಾಕಾಗಿ, ಈಗ ರಬ್ಬರನ್ನೇ ಹೆಬ್ಬೆರಳಿನಿಂದ ಒತ್ತಿ ಹೊಡೆಯುತ್ತಾಳೆ. ಕೆಲಸ ಗುತ್ತಿಗೆಯದು. ಬೇಸಿಗೆ ಮುಗಿಯುವ ಹೊತ್ತಿಗೆ ಗ್ರಂಥಪಾಲಕರು ಒಂದು ಕಾಗದಕ್ಕೆ ಸಹಿ ಹಾಕಿದರೆ ಮುಂದಿನ ವರ್ಷದ ಹೊಟ್ಟೆಪಾಡು. ಹಾಕದಿದ್ದರೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯ ಮುಖ ನೋಡಿಕೊಂಡು ಕೂರಬೇಕು. ಹಾಗಾಗಿ ಕೈ ನೋಡು ಅಂದರೆ ಕೈ ನೋಡುತ್ತಾಳೆ, ಕಿವಿ ನೋಡು ಅಂದರೆ ಕಿವಿಯನ್ನೂ ನೋಡಿಯಾಳು.

ಸಾಲಿನಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿ ಮುಂದೆ ಬಂದಳು. ಕೈ ಚಾಚಿದಳು. ಮಣಿಕಟ್ಟಿನವರೆಗೆ ನೀಲಿ. ಗೆರೆಗಳಲ್ಲಿ ಇನ್ನೂ ಗಾಢ ನೀಲಿ, ಉಗುರಿನ ಬುಡದಲ್ಲಿ ಹೆಚ್ಚುಕಡಿಮೆ ಕಪ್ಪು.

"ತೊಳ್ಕೊ ಹೋಗು."

"ತೊಳ್ಕೊಂಡೇ ಬಂದಿದ್ದೀನಿ ಅಕ್ಕ. ಇದು ಕೊಳೆ ಅಲ್ಲ, ಬಣ್ಣ."

ಹಿಂದಿದ್ದ ಮಕ್ಕಳು ಕಿಸಕ್ಕನೆ ನಕ್ಕವು. ಗ್ರಂಥಾಲಯದ ಹಿಂಬದಿಯ ಬೀದಿ ಬಣ್ಣ ಅದ್ದುವವರದು. ಸಿಮೆಂಟ್ ತೊಟ್ಟಿಗಳಲ್ಲಿ ಕುದಿಯುವ ಬಣ್ಣಕ್ಕೆ ನೂಲಿನ ಲಡಿ ಅದ್ದಿ, ಹಿಂಡಿ, ಬಿದಿರಿನ ಗಳುಗಳ ಮೇಲೆ ಹರವುತ್ತಾರೆ. ರಜೆ ಬಂತೆಂದರೆ ಮಕ್ಕಳೂ ಹಿಂಡುತ್ತವೆ. ಆ ಬಣ್ಣ ಚರ್ಮಕ್ಕೆ ಹತ್ತಿದರೆ, ಚರ್ಮ ಸವೆದು ಹೊಸದು ಬರುವ ತನಕ ಬಿಡುವುದಿಲ್ಲ. ಸೀಲಕ್ಕನಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಬೋಗುಣಿ ತೋರಿಸಿದಳು. ಹುಡುಗಿ ತೊಳೆದಳು. ನೀರು ತಿಳಿಯಾಗಿಯೇ ಉಳಿಯಿತು, ಕೈ ನೀಲಿಯಾಗಿಯೇ ಉಳಿಯಿತು.

"ನಾಳೆ ಬಾ," ಅಂದಳು ಸೀಲಕ್ಕ.

ಹುಡುಗಿ ಮನೆಗೆ ಹೋಗಲಿಲ್ಲ. ಸುತ್ತುಬಳಸಿ ಹೋಗಿ ಪಕ್ಕದ ಕಿಟಕಿಯ ಸರಳು ಹಿಡಿದು ನಿಂತಳು. ಬೇಸಿಗೆ ಕಾರ್ಯಕ್ರಮದ ಕ್ರಮ ಹೀಗಿತ್ತು: ಹನ್ನೊಂದು ಗಂಟೆಗೆ ಯಾರಾದರೂ ದೊಡ್ಡವರು ಒಂದು ಕಥೆಯನ್ನು ಅರ್ಧ ಮಾತ್ರ ಓದಿ ಹೇಳುವುದು. ಉಳಿದರ್ಧ ಬೇಕೆಂದರೆ ಪುಸ್ತಕ ಎರವಲು ಪಡೆದು ಮನೆಯಲ್ಲಿ ಓದಿಕೊಂಡು ಬರಬೇಕು. ಅವತ್ತಿನದು ಸಮುದ್ರದ ದಂಡೆಯ ದೀಪಸ್ತಂಭಕ್ಕೆ ಎಣ್ಣೆ ಹೊರುವ ಕತ್ತೆಯ ಕಥೆ. ಸುರುಳಿ ಮೆಟ್ಟಿಲು ಹತ್ತುತ್ತ ಹತ್ತುತ್ತ ಅರ್ಧ ದಾರಿಯಲ್ಲಿ ಕತ್ತೆಗೆ ಕೆಳಗಿನ ಆಳ ಕಾಣುತ್ತದೆ. ಹೆದರಿ ನಿಲ್ಲುತ್ತದೆ. ಮೆಟ್ಟಿಲು ಎಷ್ಟು ಕಿರಿದೆಂದರೆ ಹಿಂದಿರುಗಲೂ ಜಾಗವಿಲ್ಲ. ಅಲ್ಲಿಗೆ ಪುಸ್ತಕ ಮುಚ್ಚಿದರು.

"ಅಕ್ಕಾ, ಕತ್ತೆ ಇಳೀತಾ?" ಕಿಟಕಿಯಿಂದ ಪ್ರಶ್ನೆ ಬಂತು.

"ಶ್, ಸದ್ದು ಮಾಡ್ಬೇಡ," ಅಂದಳು ಸೀಲಕ್ಕ.

ಮರುದಿನ ಹುಡುಗಿ ಬೂದಿ ಹಾಕಿ ಉಜ್ಜಿಕೊಂಡು ಬಂದಳು. ಅದರ ಮರುದಿನ ಮರಳು. ಮೂರನೆಯ ದಿನ ಸೀಮೆಎಣ್ಣೆ. ಆ ವಾಸನೆಗೆ ಸಾಲೇ ಚದುರಿತು, ಒಬ್ಬ ಪೋರ "ಬೆಂಕಿಕಡ್ಡಿ ಇದೆಯೇನ್ರೋ" ಅಂದ. ಹುಡುಗಿಯೂ ನಕ್ಕಳು. ಬಣ್ಣ ಒಂದು ಎಳೆಯಷ್ಟೂ ಕದಲಿರಲಿಲ್ಲ. ಹೋಗುವಾಗ ಅದೇ ಪ್ರಶ್ನೆ: "ಕತ್ತೆ ಇನ್ನೂ ಮೆಟ್ಟಿಲ ಮೇಲೇ ಇದೆಯಾ ಅಕ್ಕ?"

ಅವತ್ತು ಮಧ್ಯಾಹ್ನ ಸೀಲಕ್ಕ ಧೈರ್ಯ ಮಾಡಿ ಗ್ರಂಥಪಾಲಕರ ಕೋಣೆಗೆ ಹೋದಳು.

"ಸಾರ್, ಆ ಬಣ್ಣದ ಬೀದಿ ಮಕ್ಕಳು... ಒಣಗಿದ ಬಣ್ಣ ಸಾರ್, ಹಾಳೆಗೆ ಹತ್ತಲ್ಲ. ಒಂದೇ ಒಂದು ಪುಸ್ತಕ ಕೊಟ್ಟು ನೋಡೋಣ್ವಾ?"

ಗ್ರಂಥಪಾಲಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರೇನು ರಾಕ್ಷಸರಲ್ಲ. ಬೀರುವಿನಿಂದ ಒಂದು ಹಳೆಯ ಪುಸ್ತಕ ತೆಗೆದು ಅವಳ ಮುಂದೆ ಹಾಕಿದರು. ರಟ್ಟು ಕಿತ್ತು ಜೋತಾಡುತ್ತಿತ್ತು, ನಡುವಿನ ಹಾಳೆಗಳೇ ಇರಲಿಲ್ಲ.

"ಇದು ಮೂರು ವರ್ಷದ ಹಿಂದೆ ಬಂದಿದ್ದು. ಹೀಗೆ ನಲವತ್ತು ಪುಸ್ತಕ ಒಂದೇ ಬೇಸಿಗೆಯಲ್ಲಿ ಚಿಂದಿ. ದಾನ ಕೊಟ್ಟವರು ಬಂದು ನೋಡಿ, ಮುಖ ತಿರುಗಿಸಿ ಎದ್ದು ಹೋದ್ರು. ಆಮೇಲೆ ಯಾರೂ ಕೊಡ್ಲಿಲ್ಲ. ಈ ಸಲದ ಪುಸ್ತಕಕ್ಕೆ ನಾನು ಆರು ತಿಂಗಳು ಒಬ್ಬ ರಿಟೈರಾದ ಮೇಷ್ಟ್ರಮ್ಮನ ಬಾಗಿಲು ತಿರುಗಿದ್ದೀನಿ. ಕಾರ್ಯಕ್ರಮ ಮುಗಿಯೋ ದಿನ ಅವ್ರು ಬರ್ತಾರೆ, ಪುಸ್ತಕ ತೆಗೆದು ನೋಡ್ತಾರೆ. ಈ ಸಲವೂ ಹಾಳಾಗಿದ್ರೆ ನಷ್ಟ ಯಾರಿಗೆ? ನನಗಾ? ಅದೇ ಮಕ್ಕಳಿಗೆ."

"ಆದ್ರೂ ಸಾರ್..."

"ಇವತ್ತು ಬಣ್ಣ ಅಂತ ಬಿಡ್ತೀರಿ. ನಾಳೆ ಗ್ರೀಸು ಅಂತ ಬರ್ತಾರೆ. ನಿಯಮ ಅಂದ್ಮೇಲೆ ಎಲ್ರಿಗೂ ಒಂದೇ. ನಾನು ಯಾರ ಬೀದೀನೂ ನೋಡ್ತಿಲ್ಲ, ಕೈ ನೋಡ್ತಿದ್ದೀನಿ." ಕನ್ನಡಕ ಮತ್ತೆ ಹಾಕಿಕೊಂಡು, "ನಿಮ್ಮ ಗುತ್ತಿಗೆ ಕಾಗದ ಬಂದಿದೆ, ಸಹಿ ಹಾಕ್ತೀನಿ. ಸುಮ್ಮನೆ ತಲೆ ಬಿಸಿ ಮಾಡ್ಕೋಬೇಡಿ," ಅಂದರು.

ಗದರಿಕೆಯೋ ಸಮಾಧಾನವೋ, ಎರಡೂ ಒಂದೇ ದನಿಯಲ್ಲಿ ಬಂದಿತ್ತು. ಸೀಲಕ್ಕ ಕೌಂಟರಿಗೆ ಮರಳಿದಳು. ಕೈ ನೋಡುತ್ತಾರಂತೆ, ಬೀದಿ ನೋಡುವುದಿಲ್ಲವಂತೆ! ಬೀದಿಯೇ ಕೈಗೆ ಅಂಟಿಕೊಂಡಿರುವಾಗ ಒಂದನ್ನು ಬಿಟ್ಟು ಒಂದನ್ನು ನೋಡುವುದು ಹೇಗೆ? ಇಷ್ಟೆಲ್ಲ ಅವಳಿಗೆ ಅನ್ನಿಸಿತು, ಆದರೆ ನಾಲಿಗೆಗೆ ಬರಲಿಲ್ಲ. ಬಂದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಸೋಮವಾರ ಹುಡುಗಿ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಎರಡೂ ಕೈ ಬೆನ್ನ ಹಿಂದೆ. ತುಟಿ ಒಣಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಈಗ ನೋಡಿ ಅಕ್ಕ," ಎಂದು ಕೈ ಮುಂದೆ ಚಾಚಿದಳು.

ನೀಲಿ ಹೋಗಿತ್ತು. ಕೈ ಬೆಳ್ಳಗಾಗಿತ್ತು, ನೀರಲ್ಲಿ ನೆನೆದ ಕಾಗದದ ಹಾಗೆ ಸುಕ್ಕು ಸುಕ್ಕು. ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಕೆಂಪು ಮಾಂಸ ಕಾಣುತ್ತಿತ್ತು. ಅಂಗೈ ಮೇಲೆ ಬೊಬ್ಬೆಗಳು.

"ಏನ್ ಮಾಡ್ಕೊಂಡೇ?"

"ಬ್ಲೀಚ್ ತೊಟ್ಟೀಲಿ ಅದ್ದಿದೆ. ಬಣ್ಣ ತಪ್ಪಾದ ನೂಲನ್ನ ಅಮ್ಮ ಅದ್ರಲ್ಲೇ ಅದ್ದೋದು, ಬೆಳ್ಳಗಾಗುತ್ತೆ. ನೂಲಿಗೆ ಸ್ವಲ್ಪ ಹೊತ್ತು ಸಾಕು. ನಂಗೆ ಜಾಸ್ತಿ ಹೊತ್ತು ಬೇಕಾಯ್ತು." ಅವಳ ಗಲ್ಲ ನಡುಗುತ್ತಿತ್ತು. "ಕ್ಲೀನ್ ಇದೆ ಅಲ್ವಾ? ಈಗ ಕೊಡ್ತೀರಾ?"

ಸೀಲಕ್ಕ ಬೋಗುಣಿಯನ್ನು ಪಕ್ಕಕ್ಕೆ ತಳ್ಳಿದಳು. ಆ ಹುಡುಗಿಯ ಎರಡೂ ಮೊಣಕೈ ಹಿಡಿದು ನಲ್ಲಿಯತ್ತ ಓಡಿದಳು. ತಣ್ಣೀರು ಬಿದ್ದಾಗ ಹುಡುಗಿ ಮೊದಲ ಸಲ ಚೀರಿದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಮುಲಾಮು ಹಚ್ಚಿ, ಎರಡೂ ಕೈಗೆ ದಪ್ಪ ಬ್ಯಾಂಡೇಜು ಸುತ್ತಿ, "ಎರಡು ವಾರ ಏನನ್ನೂ ಹಿಡೀಬಾರದು. ಯಾರಮ್ಮ ನೀನು, ಇವಳ ತಾಯಾ? ಮಗು ಕಡೆ ಗಮನ ಬೇಡ್ವಾ?" ಎಂದು ಝಾಡಿಸಿದಳು. ಸೀಲಕ್ಕ ಅಲ್ಲವೆನ್ನಲಿಲ್ಲ. ಬೈಗುಳ ಸರಿಯಾದ ವಿಳಾಸಕ್ಕೇ ಬಂದಿದೆ ಅನ್ನಿಸಿತು.

ಮನೆಗೆ ಕರೆದೊಯ್ದಾಗ ತಾಯಿ ತೊಟ್ಟಿಯ ಪಕ್ಕದಲ್ಲೇ ಇದ್ದಳು. ಮೊಣಕೈವರೆಗೆ ಕೆಂಪು ಬಣ್ಣ. ಮಗಳ ಕೈ ನೋಡಿದಳು, ಜೊತೆಗೆ ಬಂದವಳನ್ನು ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ.

"ನೀನೇನಾ ಬಾಗಿಲಲ್ಲಿ ನಿಂತು ಕೈ ನೋಡೋಳು? ಬಾ ತಾಯಿ, ನಂದೂ ನೋಡು." ಕೆಂಪು ಕೈಯನ್ನು ಸೀಲಕ್ಕನ ಮುಖದ ಹತ್ತಿರ ಹಿಡಿದಳು. "ನಿಮ್ಮ ದಪ್ಪ ಪುಸ್ತಕಗಳಿಗೆ ಕೆಂಪು ಬಟ್ಟೆ ಬೈಂಡಿಂಗ್ ಇದೆಯಲ್ಲ, ಅದನ್ನ ಅದ್ದಿದ್ದು ಈ ಕೈ. ಬಟ್ಟೆ ಒಳಗೆ ಬರಬಹುದು, ಕೈ ಬರಬಾರದು, ಅಲ್ವಾ? ಓದ್ಲಿ ಅಂತ ಕಳಿಸಿದೆ ಕಣೇ! ನನ್ನ ಹಾಗೆ ತೊಟ್ಟಿ ಮುಂದೆ ಸಾಯೋದು ಬೇಡ ಅಂತ ಕಳಿಸಿದೆ!"

"ಅಮ್ಮಾ, ಅಕ್ಕಂಗೆ ಬೈಬೇಡ," ಅಂದಳು ಹುಡುಗಿ. "ಅಕ್ಕ ಏನ್ ಮಾಡ್ತಾರೆ, ಅದು ಅವ್ರ ಕೆಲಸ."

ತಾಯಿಯ ಬೈಗುಳಕ್ಕೆ ಬಗ್ಗದ ಸೀಲಕ್ಕ ಮಗಳ ಈ ಮಾತಿಗೆ ಬಗ್ಗಿಹೋದಳು. ಅಲ್ಲೇ ಗೋಡೆಗೆ ಒರಗಿ ಕೂತಳು. ಆಮೇಲೆ ಎದ್ದು ಗ್ರಂಥಾಲಯದ ಕಡೆ ನಡೆದಳು.

ಸಂಜೆ ಐದೂವರೆಗೆ ಅವಳು ಮತ್ತೆ ಬಂದಾಗ ಕಂಕುಳಲ್ಲಿ ಕತ್ತೆಯ ಪುಸ್ತಕವಿತ್ತು. ಎರವಲು ಕಾರ್ಡು ಅವಳದೇ, ಚೀಟಿಗೆ ಹೊಡೆದ ಸೀಲೂ ಅವಳದೇ. ತಾಯಿ ಬಾಗಿಲಿಗೆ ಅಡ್ಡ ನಿಂತು ಒಂದು ಗಳಿಗೆ ದುರುಗುಟ್ಟಿ ನೋಡಿ, ಆಮೇಲೆ ಸರಿದು ಜಾಗ ಬಿಟ್ಟಳು. ಕೂರು ಅನ್ನಲಿಲ್ಲ. ಸೀಲಕ್ಕ ತಾನೇ ಕೂತು ಪುಸ್ತಕ ತೆರೆದಳು.

"ನೀವು ಓದ್ಬೇಡಿ," ಅಂದಳು ಹುಡುಗಿ. "ನಂಗೆ ಓದೋಕೆ ಬರುತ್ತೆ. ನೀವು ಹಿಡ್ಕೊಳ್ಳಿ ಸಾಕು."

ಹಾಗೇ ಆಯಿತು. ಅವಳು ಹಿಡಿದಳು, ಹುಡುಗಿ ಓದಿದಳು. ಪುಟ ಮುಗಿದಾಗ ಬ್ಯಾಂಡೇಜಿನ ಕೈ ಎತ್ತಿ "ಹೂಂ" ಅನ್ನುತ್ತಿದ್ದಳು, ಸೀಲಕ್ಕ ತಿರುವುತ್ತಿದ್ದಳು. ಬೇಸಿಗೆಯ ಸೆಕೆ, ದಿನವಿಡೀ ಸೀಲು ಹೊಡೆದ ಕೈ, ಬೆವರು. ಮೂರನೆಯ ಸಂಜೆ ಹುಡುಗಿ ಓದುವುದನ್ನು ನಿಲ್ಲಿಸಿ ಪುಟದ ಮೂಲೆಯನ್ನೇ ನೋಡಿದಳು.

"ಅಕ್ಕಾ, ನಿಮ್ಮ ಹೆಬ್ಬೆಟ್ಟಿಗೂ ಬಣ್ಣ ಹಿಡಿದಿದೆಯಲ್ಲಾ! ಯಾವ ತೊಟ್ಟೀದು?"

ಸೀಲಕ್ಕ ತನ್ನ ಹೆಬ್ಬೆರಳನ್ನು ಯಾರದೋ ಎಂಬಂತೆ ನೋಡಿಕೊಂಡಳು. ಉಗುರಿನ ಸುತ್ತ ನೇರಳೆ ಶಾಯಿ, ನಾಲ್ಕು ವರ್ಷದ್ದು. ಬೋಗುಣಿಯ ಪಕ್ಕ ನಿಂತು ನೂರಾರು ಕೈ ನೋಡಿದವಳಿಗೆ ಇದು ಒಮ್ಮೆಯೂ ಕಂಡಿರಲಿಲ್ಲ. ಪುಟಗಳನ್ನು ಹಿಂದಕ್ಕೆ ತಿರುವಿದಳು. ಪ್ರತಿ ಮೂಲೆಯಲ್ಲೂ ಒಂದೊಂದು ಮಸುಕು ನೇರಳೆ ಗುರುತು.

"ಸೀಲಿನ ತೊಟ್ಟೀದು," ಅಂದಳು.

ಒಲೆಯ ಮುಂದಿದ್ದ ತಾಯಿ ಬೆನ್ನು ತಿರುಗಿಸಿಕೊಂಡೇ ನಕ್ಕಳು. ಆಮೇಲೆ ಒಂದು ಲೋಟ ನೀರು ತಂದಿಟ್ಟಳು.

ಕತ್ತೆ ಇಳಿಯಿತು. ಅರ್ಧ ದಾರಿಯಲ್ಲಿ ತಿರುಗಲು ಜಾಗವಿಲ್ಲದ್ದರಿಂದ ಅದು ಮೇಲಕ್ಕೇ ಹೋಗಬೇಕಾಯಿತು. ದೀಪವಿರುವ ಅಗಲವಾದ ಜಾಗ ತಲುಪಿ, ಅಲ್ಲಿ ತಿರುಗಿ ಇಳಿಯಿತು. "ಅಷ್ಟೇನಾ! ಮೊದಲೇ ಹತ್ಬಹುದಿತ್ತಲ್ಲ," ಅಂದಳು ಹುಡುಗಿ, ಕತ್ತೆಯ ಮೇಲೆ ಸಿಟ್ಟುಮಾಡಿಕೊಂಡು.

ಕಾರ್ಯಕ್ರಮದ ಕೊನೆಯ ದಿನ ಪುಸ್ತಕ ಕೊಟ್ಟ ಮೇಷ್ಟ್ರಮ್ಮ ಬಂದರು. ಬಿಳಿ ಕೂದಲು, ಕೈಯಲ್ಲಿ ಕೋಲು. ಉದ್ದನೆಯ ಮೇಜಿನ ಮೇಲೆ ಪುಸ್ತಕಗಳನ್ನು ಜೋಡಿಸಲಾಗಿತ್ತು. ಒಂದೊಂದನ್ನೇ ತೆರೆದರು. ಹೊಸ ಅಂಟಿನ ಬೆನ್ನು ಚಟಕ್ಕೆಂದು ಸದ್ದು ಮಾಡುತ್ತಿತ್ತು, ಬಿಟ್ಟ ಕೂಡಲೇ ಪುಸ್ತಕ ತಾನೇ ಮುಚ್ಚಿಕೊಳ್ಳುತ್ತಿತ್ತು. ಕಲೆಯಾದೀತೆಂಬ ಹೆದರಿಕೆಗೆ ಮಕ್ಕಳು ಒಯ್ದ ಪುಸ್ತಕವನ್ನು ತೆರೆಯದೆಯೇ ತಂದುಕೊಟ್ಟಿದ್ದವು.

"ನೋಡಿ ಅಮ್ಮ, ಒಂದು ಕಲೆ ಇಲ್ಲ," ಅಂದರು ಗ್ರಂಥಪಾಲಕರು.

"ಇಲ್ಲ," ಅಂದರು ಅವರು. ಮುಖದಲ್ಲಿ ಏನೂ ಇರಲಿಲ್ಲ.

ಕತ್ತೆಯ ಪುಸ್ತಕ ಸದ್ದಿಲ್ಲದೆ ತೆರೆದುಕೊಂಡು ಮೇಜಿನ ಮೇಲೆ ಅಂಗಾತ ಮಲಗಿತು. ಗ್ರಂಥಪಾಲಕರು ಬಗ್ಗಿ ನೋಡಿದರು. ಪುಟದ ಮೂಲೆ, ಮುಂದಿನ ಪುಟದ ಮೂಲೆ, ಅದರ ಮುಂದಿನದು. ಅವರ ಕಿವಿ ಕೆಂಪಾಯಿತು.

"ಅಂದುಕೊಂಡೇ ಇದ್ದೆ! ಆ ಬೀದಿ ಮಕ್ಕಳ ಕೈ ಇದು. ಬಿಟ್ಟೋರು ಯಾರು ಒಳಗೆ? ಯಾವ ಮಗು? ಸೀಲಕ್ಕ, ಕರೀರಿ ಅದನ್ನ!"

ಸೀಲಕ್ಕ ಕೌಂಟರಿನ ಹಿಂದಿನಿಂದ ಎದ್ದು ಬಂದಳು. ಅವಳ ಗುತ್ತಿಗೆಯ ಕಾಗದ ಅವರ ಕೋಣೆಯ ಮೇಜಿನ ಮೇಲೆ ಇನ್ನೂ ಸಹಿಯಿಲ್ಲದೆ ಬಿದ್ದಿರುವುದು ತೆರೆದ ಬಾಗಿಲಿನಿಂದಲೇ ಕಾಣುತ್ತಿತ್ತು. ಆದರೂ ಅವರೆದುರು ನಿಂತು, ಮಕ್ಕಳು ನಿಲ್ಲುವಂತೆಯೇ, ಎರಡೂ ಕೈ ಮುಂದೆ ಚಾಚಿದಳು.

"ನೋಡಿ ಸಾರ್. ಒಂಬತ್ತು ವರ್ಷದಿಂದ ಯಾರೂ ನೋಡಿಲ್ಲ. ನಿಯಮ ಎಲ್ರಿಗೂ ಒಂದೇ ಅಲ್ವಾ?"

ಗ್ರಂಥಪಾಲಕರು ಹೆಬ್ಬೆರಳನ್ನೂ ಪುಟದ ಮೂಲೆಯನ್ನೂ ನೋಡಿದರು. ಮೇಷ್ಟ್ರಮ್ಮ ಒಂದು ಕುರ್ಚಿ ಎಳೆದುಕೊಂಡು ಕೂತು, ಆ ಪುಸ್ತಕವನ್ನು ಮೊದಲ ಪುಟದಿಂದ ನಿಧಾನವಾಗಿ ತಿರುವತೊಡಗಿದರು, ಒಂದೊಂದು ಗುರುತಿನ ಹತ್ತಿರವೂ ತುಸು ನಿಂತು.

"ಇದೊಂದನ್ನ ಓದಿದ್ದಾರೆ," ಅಂದರು ಕೊನೆಗೆ. "ಯಾರು?"

ಹುಡುಗಿ ಬಾಗಿಲ ಹೊರಗೆ ನಿಂತಿದ್ದಳು. ಬ್ಯಾಂಡೇಜು ಬಿಚ್ಚಿ ಎರಡು ದಿನವಾಗಿತ್ತು. ಅಂಗೈಯಲ್ಲಿ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಿಗಿದುಕೊಂಡಿತ್ತು, ಬಲಗೈಯ ಎರಡು ಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಅವು ಇನ್ನು ಮುಂದೆಯೂ ಹಾಗೇ ಇರಬಹುದೆಂದು ನರ್ಸಮ್ಮ ಹೇಳಿದ್ದಳು. ಸೀಲಕ್ಕ ತನ್ನ ಕಡೆ ಬರುವುದನ್ನು ಕಂಡದ್ದೇ ಹುಡುಗಿ ಅಭ್ಯಾಸಬಲದಿಂದ ಕೈ ಚಾಚಿದಳು.

"ಕೈ ಇಳಿಸು," ಅಂದಳು ಸೀಲಕ್ಕ. "ಒಳಗೆ ಬಾ."

ಬೋಗುಣಿಯನ್ನೆತ್ತಿ ನೀರನ್ನು ಅಂಗಳದ ಗಿಡದ ಬುಡಕ್ಕೆ ಚೆಲ್ಲಿದಳು. ಖಾಲಿ ಸ್ಟೂಲನ್ನು ಒಳಗೆ ತಂದು ಮೇಷ್ಟ್ರಮ್ಮನ ಪಕ್ಕ ಹಾಕಿದಳು. ಹುಡುಗಿ ಅದರ ಮೇಲೆ ಕೂತಾಗ ಸ್ಟೂಲು ಒಂದು ಕಡೆಗೆ ವಾಲಿತು. ಗ್ರಂಥಪಾಲಕರು ಅತ್ತ ಇತ್ತ ನೋಡಿದರು. ಆಮೇಲೆ ಮೂರು ವರ್ಷದ ಹಿಂದಿನ ಆ ಚಿಂದಿ ಪುಸ್ತಕದ ರಟ್ಟನ್ನು ಒಳಗಿನಿಂದ ತಂದು, ಮಡಚಿ, ಬಗ್ಗಿ ಸ್ಟೂಲಿನ ಕುಂಟು ಕಾಲಿನ ಕೆಳಗಿಟ್ಟರು. ಯಾರ ಮುಖವನ್ನೂ ನೋಡದೆ ತಮ್ಮ ಕೋಣೆಗೆ ಹೋದರು.

ಅವರು ಒಳಗೆ ಪೆನ್ನು ಎತ್ತಿಕೊಂಡರೋ ಇಲ್ಲವೋ ಎಂದು ಸೀಲಕ್ಕ ತಿರುಗಿ ನೋಡಲಿಲ್ಲ. ಕೌಂಟರಿನಲ್ಲಿ ಕೂತು, ಇಂಕಿನ ಪ್ಯಾಡು ತೆರೆದು, ಹುಡುಗಿ ಆರಿಸಿಕೊಂಡ ಇನ್ನೊಂದು ಪುಸ್ತಕದ ಚೀಟಿಯ ಮೇಲೆ ಹೆಬ್ಬೆರಳೊತ್ತಿ ಸೀಲು ಹೊಡೆದಳು.