ತಿಪ್ಪೇಶಪ್ಪನ ಹೆಸರಿನ ರಕ್ತ

ಪ್ರಯೋಗಾಲಯಕ್ಕೆಂದು ಹೊಲಿಸಿದ ಕೋಟಿನ ಎಡತೋಳು ಬಿಗಿಯಾಗಿದೆ ಎಂದು ದರ್ಜಿಗೆ ಹೇಳುವುದು ಹೇಗೆ ಎಂಬ ಒಂದೇ ಚಿಂತೆಗೆ ಆ ವರ್ಷದ ನನ್ನ ದಿನಚರಿಯ ಮೂರು ಪುಟ ಖರ್ಚಾಗಿದ್ದವು. 'ಇವತ್ತೂ ಅಂಗಡಿಯ ತನಕ ಹೋದೆ. ಇವತ್ತೂ ಗುಂಡಿ ಕೊಂಡು ಬಂದೆ' ಎಂದು ಒಂದು ಕಡೆ ಬರೆದಿದ್ದೇನೆ. ಹಾಗೆ ಕೊಂಡ ಗುಂಡಿಗಳು ಈಗಲೂ ನನ್ನ ಬಳಿ ಒಂದು ಡಬ್ಬಿ ತುಂಬ ಇವೆ.

ಪದವಿ ಮುಗಿಸಿ ನಾನು ಸೇರಿದ್ದ ಪ್ರಯೋಗಾಲಯದಲ್ಲಿ ಪೊಲೀಸರು ಕಳಿಸುವ ರಕ್ತದಲ್ಲಿ ಅಮಲಿನ ಪದಾರ್ಥ ಹುಡುಕುತ್ತಿದ್ದೆವು. ಗಾಂಜಾ, ಅಫೀಮು ಹಳೆಯ ಮಾತಾಗಿತ್ತು. ಯಾರೋ ಎಲ್ಲೋ ಕೂತು ಹೊಸ ಹೊಸ ರಾಸಾಯನಿಕ ಕೂಡಿಸಿ ಮಾರುತ್ತಿದ್ದರು. ಒಂದರ ಗುರುತು ಹಿಡಿಯುವಷ್ಟರಲ್ಲಿ ಅದು ವೇಷ ಬದಲಿಸಿರುತ್ತಿತ್ತು. ರಕ್ತದಲ್ಲಿರುವ ಒಂದೊಂದು ವಸ್ತುವಿಗೂ ಯಂತ್ರ ಕಾಗದದ ಮೇಲೆ ಸೂಜಿಯಂಥ ಒಂದೊಂದು ಗೆರೆ ಎಬ್ಬಿಸುತ್ತಿತ್ತು. ಯಾರ ಪಟ್ಟಿಯಲ್ಲೂ ಇಲ್ಲದ ಗೆರೆಯೊಂದನ್ನು ಎಲ್ಲರಿಗಿಂತ ಮೊದಲು ಕಾಣಬೇಕೆಂಬುದು ನಮ್ಮ ಮುಖ್ಯಸ್ಥ ವಾಮನಮೂರ್ತಿಗಳ ಜೀವಮಾನದ ಆಸೆ.

ಅವರೇ ಮಾಡಿದ ಪದ್ಧತಿಯೊಂದಿತ್ತು. ಪ್ರತಿ ತಿಂಗಳೂ ನಮ್ಮಲ್ಲೊಬ್ಬರು, ಯಾವ ಔಷಧವನ್ನೂ ಸೇವಿಸಿಲ್ಲವೆಂದು ಬರೆದುಕೊಟ್ಟು, ತಮ್ಮ ರಕ್ತವನ್ನು ಸುಳ್ಳು ಹೆಸರು ವಿಳಾಸದಲ್ಲಿ ಪೊಲೀಸರ ಸೀಸೆಗಳ ನಡುವೆ ಸೇರಿಸಬೇಕು. ಅದರಲ್ಲಿ ಏನೂ ಕಾಣಿಸದಿದ್ದರೆ ನಮ್ಮ ಕೆಲಸ ಸರಿ. ಆ ಸೀಸೆ ಯಾವುದೆಂಬ ಚೀಟಿ ಮುಚ್ಚಿದ ಲಕೋಟೆಯಲ್ಲಿರುತ್ತಿತ್ತು; ಅದನ್ನು ತಿಂಗಳ ಕೊನೆಗೇ ತೆರೆಯುತ್ತಿದ್ದರು.

"ಈ ಸಲ ನೀವು ಕೊಡಿ," ಎಂದರು ನನಗೆ. "ಕಾಫಿ ಕೂಡ ಕುಡಿಯದವರು. ನಿಮ್ಮ ರಕ್ತ ಬಾವಿ ನೀರಿದ್ದ ಹಾಗೆ."

ಸುಳ್ಳು ಹೆಸರು ಏನೆಂದು ಬರೆಯಲಿ ಎಂದು ತಡಕಾಡುವಾಗ ಕೋಟು ಹಾಕಿಕೊಟ್ಟಿದ್ದ ಬಟ್ಟೆಚೀಲ ಕಣ್ಣಿಗೆ ಬಿತ್ತು: 'ತಿಪ್ಪೇಶಪ್ಪ, ದರ್ಜಿ, ಕಮಾನು ಬೀದಿ.' ನನ್ನ ತೋಳು ಹಿಚುಕಿದ್ದಕ್ಕೆ ಇಷ್ಟಾದರೂ ಆಗಲಿ ಎಂದು ಅದನ್ನೇ ಬರೆದೆ. ವಯಸ್ಸು ಐವತ್ತನಾಲ್ಕು, ಅಂದಾಜಿನಲ್ಲಿ. ಅದು ನನ್ನ ಜೀವನದ ಮೊದಲ ಸೇಡು.

ಮೂರನೆಯ ದಿನ ವಾಮನಮೂರ್ತಿಗಳು ಎಲ್ಲರನ್ನೂ ಯಂತ್ರದ ಬಳಿ ಕರೆದರು. ಕಾಗದದ ಮೇಲೆ ಯಾರೂ ಕಂಡಿರದ ಗೆರೆಯೊಂದು ನೆಟ್ಟಗೆ ನಿಂತಿತ್ತು.

"ಹೊಚ್ಚ ಹೊಸದು," ಎಂದರು, ಮೊಮ್ಮಗನ ಮುಖ ನೋಡಿದವರ ಹಾಗೆ. "ಇದನ್ನ ತಗೊಂಡವನು ಸುಮ್ಮನೆ ಕೂರೋ ಆಸಾಮಿ ಅಲ್ಲ. ನಾಲಿಗೆಗೆ ಕಡಿವಾಣವೇ ಇರಲ್ಲ. ಮಾಳಿಗೆ ಹತ್ತಿ ಭಾಷಣ ಮಾಡ್ತಾನೆ."

ಸೀಸೆಯ ಮೇಲಿನ ಹೆಸರು ಓದಿದೆ: ತಿಪ್ಪೇಶಪ್ಪ. ಆಗ ನೆನಪಾದದ್ದು ಸೋದರತ್ತೆಯ ಗುಳಿಗೆ. ನಾಲ್ಕು ಜನರ ಮುಂದೆ ಹುಡುಗಿ ಬಾಯಿ ಬಿಡಲಿ ಎಂದು ಬಸ್ ನಿಲ್ದಾಣದ ಪಂಡಿತನಿಂದ 'ಸಭಾಕಂಪ ನಿವಾರಿಣಿ' ತಂದು, ರಕ್ತ ಕೊಡುವ ಮುಂಚಿನ ವಾರವಿಡೀ ಜೇನಿನಲ್ಲಿ ತಿನ್ನಿಸಿದ್ದರು. ಒಗ್ಗರಣೆ ಡಬ್ಬಿಯ ಪಕ್ಕ ಇರುತ್ತಿದ್ದ ಅದು ಔಷಧವೆಂದು ನನಗೆ ತೋಚಿರಲೇ ಇಲ್ಲ. ಮಾಳಿಗೆ ಹತ್ತಿ ಭಾಷಣ ಮಾಡಬೇಕಾದವಳು ವಾಮನಮೂರ್ತಿಗಳ ಹಿಂದೆ ಕಾಗದ ಹಿಡಿದು ಮೂಕಿಯಂತೆ ನಿಂತಿದ್ದೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಗಿದ್ದರೂ ಇಲ್ಲದ ಮನುಷ್ಯನನ್ನು ಯಾರು ಹಿಡಿಯುತ್ತಾರೆ ಎಂದುಕೊಂಡೆ. ಆ ಹೆಸರಿನ ದರ್ಜಿ ನಿಜಕ್ಕೂ ಇದ್ದಾನೆಂಬುದು ಆ ಕ್ಷಣ ಮರೆತೇಹೋಗಿತ್ತು.

ಠಾಣೆಗೆ ಫೋನು ಹೋಯಿತು. ಅಲ್ಲಿ ಆ ಹೆಸರಿನ ಕಡತವೇ ಇರಲಿಲ್ಲ. ತಾನೇ ಕಳೆದೆನೆಂದು ಹೆದರಿದ ಪೇದೆ ಬಸವಂತಪ್ಪ, ಕಡತ ಸಿಗದಿದ್ದರೆ ಆಳಾದರೂ ಸಿಗಲಿ ಎಂದು ಮರುದಿನ ಬೆಳಿಗ್ಗೆ ಕಮಾನು ಬೀದಿಗೆ ನಡೆದ. ಹತ್ತು ಗಂಟೆಗೆ ತಿಪ್ಪೇಶಪ್ಪ ನಮ್ಮ ಬೆಂಚಿನ ಮೇಲಿದ್ದ, ಕೊರಳಲ್ಲಿ ಅಳತೆಯ ಟೇಪು.

"ಯಾವಾಗಿಂದ ತಗೋತಿದ್ದೀರಿ?" ವಾಮನಮೂರ್ತಿಗಳು ಕೇಳಿದರು.

"ಎಲೆಅಡಿಕೆ ಬಿಟ್ರೆ ಏನೂ ಇಲ್ಲ ಸ್ವಾಮಿ. ನನ್ನ ರಕ್ತ ಯಾರು ತೆಗೆದ್ರು, ಯಾವಾಗ ತೆಗೆದ್ರು, ಅದೇ ನನಗೆ ಗೊತ್ತಿಲ್ಲ."

"ಅಮಲಲ್ಲಿ ಮರೆತಿದ್ದಾನೆ ಸಾರ್," ಎಂದ ಬಸವಂತಪ್ಪ.

"ಒಪ್ಪಿಕೊಳ್ಳಿ. ಇಲ್ಲದಿದ್ದರೆ ಠಾಣೆಗೆ ಹೋಗಬೇಕಾಗುತ್ತೆ," ಎಂದರು ವಾಮನಮೂರ್ತಿಗಳು.

ತಿಪ್ಪೇಶಪ್ಪ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಬೀದೀಲಿ ಎಲ್ಲರೂ ನೋಡಿದ್ರು ಸ್ವಾಮಿ, ಪೊಲೀಸು ನನ್ನ ಕರಕೊಂಡು ಬಂದದ್ದು. ಮೂವತ್ತು ವರ್ಷದಿಂದ ಹೆಣ್ಣುಮಕ್ಕಳು ನಂಬಿ ಅಳತೆ ಕೊಟ್ಟವರೆ. ನಾಳೆ ಯಾರು ನನ್ನ ಅಂಗಡಿ ಮೆಟ್ಟಿಲು ಹತ್ತತಾರೆ?"

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಸೂಜಿ ಚುಚ್ಚಿದ ಕಲೆಯನ್ನಾದರೂ ತೋರಿಸೋಣವೆಂದು ವಾಮನಮೂರ್ತಿಗಳ ಮುಂದೆ ಹೋಗಿ ಕೋಟಿನ ಎಡತೋಳು ಮೇಲೆಳೆಯತೊಡಗಿದೆ. ಅದು ಮೊಣಕೈ ಕೆಳಗೇ ಸಿಕ್ಕಿಕೊಂಡಿತು. ಎಳೆದೆ, ಮತ್ತೆ ಎಳೆದೆ.

"ಇವರಿಗೇನಾಯ್ತು?" ಎಂದರು ವಾಮನಮೂರ್ತಿಗಳು.

ತನ್ನ ಕಷ್ಟವನ್ನೆಲ್ಲ ಮರೆತು ತಿಪ್ಪೇಶಪ್ಪ ನನ್ನ ತೋಳಿನತ್ತ ಬಾಗಿದ. "ಇದು ನನ್ನ ಕೈದೇ ಅಲ್ವಾ ತಾಯಿ? ಇಷ್ಟು ಬಿಗಿ ಇಟ್ಕೊಂಡು ಎಷ್ಟು ಸಲ ಅಂಗಡಿಗೆ ಬಂದಿ, ಬರೀ ಗುಂಡಿ ತಗೊಂಡು ಹೋದಿ. ಒಂದು ಮಾತು ಹೇಳಬಾರದಿತ್ತಾ?"

ಜೇಬಿನಿಂದ ಪುಟ್ಟ ಕತ್ತರಿ ತೆಗೆದು ಹೊಲಿಗೆಯ ಒಂದೊಂದೇ ನೂಲು ಬಿಡಿಸಿದ. ತೋಳು ಮೊಣಕೈವರೆಗೆ ಬಾಳೆಸಿಪ್ಪೆಯಂತೆ ಬಿಚ್ಚಿಕೊಂಡಿತು. ಒಳಗೆ ಹಸಿರುಗಟ್ಟಿದ ಸೂಜಿಯ ಕಲೆ. ಅದರ ಮೇಲೆ ತಣ್ಣಗೆ ಗಾಳಿ ಸೋಕಿತು.

"ಸಾರ್," ಎಂದೆ, "ಆ ರಕ್ತ ನನ್ನದು."